ಕತ್ತರಿ ತಾಗದ ಕಂಬಳಿ

ಕೊಳವಳ್ಳಿಯಿಂದ ಬೆಳಗಿನ ಮೊದಲ ಬಸ್ಸು ಹೊರಡುವಾಗ ಹೊಳೆ ಇರುವ ಕಡೆ ಬರೀ ಮಂಜು ಕಾಣುತ್ತದೆ. ಆ ಬಸ್ಸಿನ ಕಿಟಕಿಯ ಷಟರ್ ಒಂದೂ ಪೂರ್ತಿ ಕೆಳಗಿಳಿಯುವುದಿಲ್ಲ. ಅದಕ್ಕೇ ನಾನೂ ನನ್ನ ನಾದಿನಿಯೂ ಡ್ರೈವರನ ಹಿಂದೆ, ಎಂಜಿನ್ನಿಗೆ ಹತ್ತಿರದ ಸೀಟು ಹಿಡಿಯುತ್ತಿದ್ದೆವು. ಅಲ್ಲಿ ಕಾಲಿಗಾದರೂ ಬಿಸಿ ತಾಗುತ್ತದೆ. ಪುಲ್ಪಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ ಸುಲ್ತಾನ್ ಬತ್ತೇರಿಗೆ ಹೋಗಬೇಕು. ವಾರಕ್ಕೆ ಮೂರು ಸಲ. ಅವಳ ಎರಡೂ ಮೂತ್ರಪಿಂಡಗಳು ಕೆಟ್ಟುಹೋಗಿವೆ. ಬತ್ತೇರಿಯಲ್ಲಿರುವ ಯಂತ್ರ ಅವಳ ರಕ್ತವನ್ನು ತೊಳೆದು ಕೊಡುತ್ತದೆ.

ನಾದಿನಿ ಎಂದರೆ ನನ್ನ ಗಂಡನ ತಂಗಿ. ನನಗಿಂತ ಸ್ವಲ್ಪ ಚಿಕ್ಕವಳು. ಮದುವೆಯಾಗಿ ಹೊಳೆಯಾಚೆ ಕರ್ನಾಟಕದ ಊರಿಗೆ ಹೋದವಳು ಬೇಗನೆ ತಿರುಗಿ ಬಂದಳು. ಯಾಕೆಂದು ಯಾರಿಗೂ ಹೇಳಲಿಲ್ಲ, ಜಗಲಿಯ ಮೇಲೆ ಹೊಲಿಗೆ ಯಂತ್ರ ಹಾಕಿಕೊಂಡು ಕೂತಳು. ನಮ್ಮ ಸುತ್ತಿನ ಹೆಂಗಸರ ರವಿಕೆ, ಮಕ್ಕಳ ಶಾಲೆ ಬಟ್ಟೆ ಎಲ್ಲ ಅವಳ ಕೈಯಲ್ಲೇ ಆದದ್ದು. ಈಗ ಅವಳ ಎಡಗೈಯಲ್ಲಿ ಎರಡು ರಕ್ತನಾಳಗಳನ್ನು ಒಂದಕ್ಕೊಂದು ಸೇರಿಸಿದ್ದಾರೆ, ಯಂತ್ರದ ಸೂಜಿ ಚುಚ್ಚುವುದು ಅಲ್ಲಿಗೆ. ಆ ಉಬ್ಬಿನ ಮೇಲೆ ಬೆರಳಿಟ್ಟರೆ ಒಳಗೆ ಜೇನುಹುಳ ಸಿಕ್ಕಿಕೊಂಡ ಹಾಗೆ ಗುಂಯ್ ಎನ್ನುತ್ತದೆ. ಆ ಕೈ ಭಾರ ಎತ್ತಬಾರದು, ಅದರ ಮೇಲೆ ಬಿಗಿ ಬಟ್ಟೆ ಕೂಡದು. ಹೊಲಿಗೆ ಅಲ್ಲಿಗೆ ನಿಂತಿತು.

ಮಳೆಗಾಲವನ್ನು ಹೇಗೋ ದಾಟಿದೆವು. ಚಳಿ ಶುರುವಾದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ದಾರಿಯ ಚಳಿ ಒಂದು, ಯಂತ್ರದ ಚಳಿ ಇನ್ನೊಂದು. ಮೈಯಿಂದ ಹೊರಬಂದ ರಕ್ತ ಕೊಳವೆಗಳಲ್ಲಿ ಸುತ್ತಿ ತಣ್ಣಗಾಗಿ ಒಳಗೆ ಹೋಗುತ್ತದೆ. ಅಷ್ಟು ಹೊತ್ತೂ ಹಲ್ಲು ಕಡಕಡ ಎನ್ನುತ್ತ ಮಲಗಿರುತ್ತಿದ್ದಳು. ಚುಚ್ಚಿದ ಕೈಯನ್ನು ನರ್ಸಿಗೆ ಕಾಣುವ ಹಾಗೆ ಹೊರಗೇ ಇಡಬೇಕು. ಹೊದಿಕೆ ಹೊದಿಸಿದರೂ ಒಂದು ಮಗ್ಗುಲು ಬಯಲಾಗಿರುತ್ತಿತ್ತು. ಅಂಗಡಿಯ ಸ್ವೆಟರು ಹಾಕೋಣವೆಂದರೆ ಅದರ ತೋಳು ತೆರೆಯುವುದಿಲ್ಲ.

ಧನು ತಿಂಗಳ ಮೊದಲಲ್ಲಿ ಒಂದು ಸಂಜೆ ಬಸ್ಸಿಳಿದು ಮನೆಗೆ ನಡೆಯುತ್ತಿದ್ದಾಗ ಹೇಳಿದಳು:

"ಅತ್ತಿಗೆ, ಮಕರದ ತಣುಪ್ಪಲ್ಲಿ ನಾನು ಬರಾಕಿಲ್ಲ. ಇವತ್ತೇ ಯೋಳ್ಬುಟ್ಟಿವ್ನಿ."

"ಬರ್ದೇ ಇದ್ರ ಏನಾಯ್ತದ ಗೊತ್ತಲ್ಲ?"

"ಗೊತ್ತು. ಸಾಯ್ತೀನಿ. ಒಲೆ ಮುಂದ ಕೂತ್ಕಂಡು ಬೆಚ್ಚಗ ಸಾಯ್ತೀನಿ."

ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಅದನ್ನೇ ಹೇಳಿದ್ದರು. ಒಂದು ಸರದಿ ತಪ್ಪಿದರೆ ಮೈಯಲ್ಲಿ ನೀರು ತುಂಬುತ್ತದೆ, ಎರಡು ತಪ್ಪಿದರೆ ಅವರ ಕೈಯಲ್ಲಿ ಏನೂ ಇಲ್ಲ. ಅವಳು ಅಳುತ್ತ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ರವಿಕೆಯ ಗುಂಡಿ ಯಾವ ಬಣ್ಣದ್ದು ಎಂದು ಹೇಳುವ ದನಿಯಲ್ಲಿ ಹೇಳಿದಳು. ನನಗೆ ಭಯವಾಯಿತು.

"ನಡುಗ್ದೇ ಇರೋ ಅಂತ ಕೋಟು ಮಾಡ್ಕೊಟ್ರ ಬತ್ತೀಯಾ?" ಎಂದೆ.

"ಯಾರು, ನೀನಾ? ನೀನು ಹೊಲ್ದಿರೋ ದಿಂಬ್ಗ ನಾಕು ಮೂಲೆ ಇಲ್ಲ."

"ನೀನು ಕೂತ್ಕಂಡು ಯೋಳು, ನಾನು ಹೊಲೀತೀನಿ."

ಸೆರಗನ್ನು ಕೊರಳಿಗೆ ಸುತ್ತಿಕೊಂಡಳು. "ಆಯ್ತು ಬುಡು. ಕೋಟು ಹಾಕ್ಕಂಡ್ರ ನಡುಗಬಾರ್ದು. ಮಕರ ದಾಟೋಗಂಟ ಬತ್ತೀನಿ. ನಡುಕ ಬಂತಾ, ಅವತ್ಗ ಮುಗೀತು."

ಹೊರಬಟ್ಟೆಗೆ ಯೋಚನೆ ಇರಲಿಲ್ಲ. ಶಾಲೆಯ ಲಂಗಗಳಿಗೆಂದು ತಂದು ಉಳಿದ ದಪ್ಪ ನೀಲಿ ಬಟ್ಟೆ ಅವಳ ಪೆಟ್ಟಿಗೆಯಲ್ಲೇ ಇತ್ತು. ಒಳಬಟ್ಟೆಗೆ ಪುಲ್ಪಳ್ಳಿಯ ಅಂಗಡಿಗೆ ಹೋದೆವು. ಅಂಗಡಿಯವನು ಮೊದಲು ಸ್ಯಾಟಿನ್ ತೆಗೆದ, ಕೋಟಿಗೆ ಎಲ್ಲರೂ ಇದನ್ನೇ ಕೇಳುವುದು ಎಂದ. ನಾದಿನಿ ಅದನ್ನು ಬೆರಳಲ್ಲಿ ಮುಟ್ಟಲಿಲ್ಲ. ರವಿಕೆಯ ತೋಳು ಸರಿಸಿ, ಕೈಯ ಆ ಉಬ್ಬಿನ ಪಕ್ಕಕ್ಕೆ ಒತ್ತಿ ಹಿಡಿದು ಕಣ್ಣು ಮುಚ್ಚಿದಳು.

"ಇದು ಹಾವು. ಮೊದ್ಲು ತಣ್ಗ ತಾಗಿ ಆಮೇಕ ಜಾರ್ತದ. ಬ್ಯಾಡ."

ಹಾಗೆಯೇ ಪಾಪ್ಲಿನ್, ಟೆರಿಕಾಟ್, ಒಂದು ನೈಲಾನ್ ಎಲ್ಲ ಆ ಕೈಯ ಮುಂದೆ ಬಂದು ಹೋದವು. ಕೊನೆಗೆ ಅವನು ಮೇಲಿನ ಅಟ್ಟದಿಂದ ಎಳೆಗೂಸುಗಳಿಗೆ ಹೊದಿಸುವ ಫ್ಲಾನೆಲ್ ಇಳಿಸಿದ. ಬಟ್ಟೆಯ ತುಂಬ ಸಣ್ಣ ಸಣ್ಣ ಆನೆಗಳು, ಒಂದೊಂದರ ಸೊಂಡಿಲಲ್ಲೂ ಒಂದೊಂದು ಬಲೂನು. ನಾದಿನಿ ಅದನ್ನೂ ಕೈಗೆ ಒತ್ತಿದಳು. ಬಹಳ ಹೊತ್ತು ತೆಗೆಯಲಿಲ್ಲ.

"ಬೇರೆ ಚಿತ್ರದ್ದು ಇಲ್ವಾ? ಹೊಲ್ದಲ್ಲಿ ಮೇಯೋದು ಸಾಲ್ದು ಅಂತ ನಮ್ಮ ಮೈಮ್ಯಾಲೂ ಆನೇನಾ?"

"ಇದು ತಿನ್ನಾಕಿಲ್ಲ ಚೇಚಿ," ಎಂದ ಅಂಗಡಿಯವನು. "ಬಲೂನು ಹಿಡ್ಕಂಡವ, ಬಾಯಿ ಖಾಲಿ ಇಲ್ಲ."

ಅವಳು ನಕ್ಕಳು. ಆ ತಿಂಗಳು ಅವಳು ನಕ್ಕದ್ದು ಕಡಿಮೆ, ಆದ್ದರಿಂದ ನನಗೆ ನೆನಪಿದೆ.

ಉಳಿದದ್ದು ನಡುವೆ ತುಂಬುವುದು ಏನನ್ನು ಎಂಬ ಪ್ರಶ್ನೆ. ಬತ್ತೇರಿಯಲ್ಲಿ ಹಾಸಿಗೆ ಮಾರುವ ಅಂಗಡಿಯಿದೆ, ಅಲ್ಲಿ ನೈಲಾನ್ ನಾರಿನ ಬಿಳಿ ಹಾಳೆ ಸಿಗುತ್ತದೆ. ಬತ್ತೇರಿಗೆ ಹೋದ ದಿನವೇ ನೋಡಿದೆವು. ಹಗುರ, ದಪ್ಪ, ಕತ್ತರಿಸುವುದೂ ಸುಲಭ. ಅವಳು ಅದನ್ನು ಕೊರಳಿಗೆ ಸುತ್ತಿಕೊಂಡು ಅಂಗಡಿಯ ಬೆಂಚಿನ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಕೊರಳು ಬೆವರಿತು, ಬೆವರಿದ ಕೂಡಲೇ ಗಾಳಿಗೆ ತಣ್ಣಗಾಯಿತು. "ಬೆವರಿದ್ರ ಬಾಯಾರ್ತದ," ಎಂದು ತೆಗೆದಿಟ್ಟಳು. ದಿನಕ್ಕೆ ಇಷ್ಟೇ ಎಂದು ಅಳೆದು ನೀರು ಕುಡಿಯುವವಳು ಅವಳು. ಬಾಯಾರಿಕೆ ಅವಳಿಗೆ ಚಳಿಗಿಂತ ದೊಡ್ಡ ಶತ್ರು.

ನಮ್ಮ ಬೇಲಿಯಲ್ಲಿ ಬೂರುಗದ ಮರವಿದೆ. ಅದರ ಹತ್ತಿ, ಇಲ್ಲಿ ಎಲ್ಲರೂ ಪಂಞಿ ಎನ್ನುವುದು, ನಮ್ಮ ದಿಂಬುಗಳಲ್ಲೆಲ್ಲ ಇರುವುದು ಅದೇ. ಗಾಳಿಯಷ್ಟೇ ಹಗುರ. ಮುಷ್ಟಿಯಲ್ಲಿ ಹಿಡಿದರೆ ಕೋಳಿಮರಿ ಹಿಡಿದ ಹಾಗೆ ಬೆಚ್ಚಗಾಗುತ್ತದೆ. ಅದೇ ಸರಿ ಎಂದು ಇಬ್ಬರೂ ಒಪ್ಪಿದೆವು. ದಿಂಬುಗಳನ್ನು ಬಿಚ್ಚಿ, ಬೀಜ ಆಯ್ದು, ಬಿಸಿಲಿಗೆ ಹಾಕಿದೆವು. ಬಿಸಿಲು ಬೀಳುವ ಜಾಗ ನಮ್ಮಲ್ಲಿ ಒಂದೇ, ಮನೆ ಮುಂದಿನ ಕಣ. ಹಾಸುವುದಕ್ಕೆ ಇರುವುದೂ ಒಂದೇ, ಪನಂಬು ಎಂಬ ಬಿದಿರಿನ ಚಾಪೆ. ನನ್ನ ಗಂಡ ಅದನ್ನು ಗೋಡೆಗೆ ಬಡಿದು, ಕೊಡವಿ, ಮಗುಚಿ ಹಾಸಿಕೊಟ್ಟರು. ಗಾಳಿಗೆ ಹಾರದ ಹಾಗೆ ಮೇಲೆ ಹಳೆ ಸೀರೆ ಹೊದಿಸಿ, ನಾದಿನಿ ಪಕ್ಕದಲ್ಲಿ ಕೂತು ಕೋಲಿನಿಂದ ಮೆಲ್ಲಗೆ ಬಡಿದಳು.

ಹೊಲಿಗೆ ನಿಧಾನವಾಯಿತು. ನೀಲಿ ಬಟ್ಟೆಗೂ ಫ್ಲಾನೆಲಿಗೂ ನಡುವೆ ಉದ್ದುದ್ದ ಸಾಲು ಹೊಲಿದು, ಒಂದೊಂದು ಸಾಲಿಗೂ ಸೌಟಿನ ಹಿಡಿಯಿಂದ ಹತ್ತಿ ತಳ್ಳಬೇಕು. ಹೆಚ್ಚು ತುರುಕಿದರೆ ಹಲಗೆಯಾಗುತ್ತದೆ, ಕಡಿಮೆಯಾದರೆ ಎಲ್ಲ ಕೆಳಗಿಳಿದು ಸೊಂಟದಲ್ಲಿ ಕೂರುತ್ತದೆ. ಅವಳು ಮಂಚದ ಮೇಲಿಂದ ನೋಡುತ್ತ, "ಅತ್ತಿಗೆ, ನೀನು ಕಡುಬು ಮಾಡ್ತಿದ್ದಯಾ ಕೋಟು ಹೊಲೀತಿದ್ದಯಾ?" ಎನ್ನುವಳು. ಎಡತೋಳನ್ನು ಹೆಗಲಿನಿಂದ ಮಣಿಕಟ್ಟಿನ ತನಕ ಸೀಳಿ ಬಟ್ಟೆಯ ಲಾಡಿಗಳನ್ನು ಇಟ್ಟೆವು. ಲಾಡಿ ಬಿಚ್ಚಿದರೆ ಬಾಳೆಹೂವಿನ ಎಸಳು ತೆರೆದ ಹಾಗೆ ಕೈ ಹೊರಗೆ ಬರುತ್ತದೆ, ಮೈಯೆಲ್ಲ ಒಳಗೇ ಇರುತ್ತದೆ. ಆ ಉಪಾಯ ಅವಳದು.

ಮೊದಲ ಸಲ ಹಾಕಿಕೊಂಡು ಹೋದಾಗ ತೂಕ ನೋಡುವ ಯಂತ್ರದ ಮೇಲೆ ಮಾತ್ರ ತೆಗೆಸಿದರು. ಮೈಯಲ್ಲಿ ಎಷ್ಟು ನೀರು ಸೇರಿದೆ ಎಂದು ತೂಕದಿಂದಲೇ ತಿಳಿಯಬೇಕಲ್ಲ. ಮತ್ತೆ ತೊಡಿಸಿ ಮಲಗಿಸಿದೆ. ಅವಳು ನಡುಗಲಿಲ್ಲ. ನಿದ್ದೆ ಕೂಡ ಮಾಡಿದಳು. ನಾನು ಹೊರಗಿನ ಬೆಂಚಿನಲ್ಲಿ ಕೂತು, ಆಯಿತು, ಈ ಮಕರ ದಾಟಿತು ಎಂದುಕೊಂಡೆ.

ಆದರೆ ಕೆಲವೇ ದಿನಗಳಲ್ಲಿ ತುರಿಕೆ ಎದ್ದಿತು. ತುರಿಕೆ ಈ ಕಾಯಿಲೆಯ ಜೊತೆಗೇ ಬರುವುದು, ಅವಳಿಗೆ ಮೊದಲೂ ಇತ್ತು. ಈಗಿನದು ಬೇರೆ. ಕೊರಳು, ಬೆನ್ನು, ಮೊಣಕೈ ಮಡಿಚುವ ಕಡೆ ಚರ್ಮ ಕೆಂಡದ ಹಾಗೆ ಉರಿಯಿತು. ಕೊಬ್ಬರಿ ಎಣ್ಣೆ ಹಚ್ಚಿದರೆ ಎಣ್ಣೆಯೂ ಉರಿ. ಕೆರೆದು ಕೆರೆದು ಫ್ಲಾನೆಲಿನ ಬಿಳಿ ಆನೆಗಳಿಗೆ ರಕ್ತದ ಕಲೆ ಹತ್ತಿತು. ಅವಳು ಯಾರನ್ನೂ ಕೇಳದೆ ತೀರ್ಮಾನ ಮಾಡಿದಳು.

"ಯಂತ್ರದ ಕೈಲಿ ಇನ್ನು ಆಗಾಕಿಲ್ಲ ಅತ್ತಿಗೆ. ಇಸ ಎಲ್ಲ ಚರ್ಮಕ್ಕ ಬರ್ತಾದ. ಸಾಕು."

"ಕೋಟು ಹಾಕ್ಕಂಡು ನಡುಗ್ದ ಇದ್ರ ಬತ್ತೀನಿ ಅಂದಿದ್ದೆ."

"ನಡುಗ್ಲಿಲ್ಲ, ನಿಜ. ಉರಿಯಾಗಿ ಸಾಯಾದ್ಕ ಬತ್ತೀನಿ ಅಂದಿದ್ನಾ?"

ಆ ಸರದಿ ಹೋಗಲಿಲ್ಲ. ಅವಳ ಅಣ್ಣ ಬೈದರು, ಬೇಡಿಕೊಂಡರು, ತಟ್ಟೆ ಸರಿಸಿ ಎದ್ದು ಹೋದರು. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಮಾರನೆಯ ದಿನ ಪಾದ ಊದಿತು. ಅದರ ಮಾರನೆಯ ಬೆಳಿಗ್ಗೆ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಕೂತೇ ಇದ್ದಳು. ಪ್ರತಿ ಉಸಿರಿಗೂ ಒಳಗೆ ಅನ್ನ ಕುದಿಯುವ ಸದ್ದು. ಬಾಯಿಂದ ಬೇಡ ಎನ್ನುವಷ್ಟು ಗಾಳಿ ಅವಳಲ್ಲಿ ಉಳಿದಿರಲಿಲ್ಲ. ಜೀಪು ತರಿಸಿ, ಕೋಟಿನಲ್ಲಿ ಸುತ್ತಿ, ಬತ್ತೇರಿಗೆ ಕೊಂಡೊಯ್ದೆವು.

ಅಲ್ಲಿ ಬಾಗಿಲಲ್ಲೇ ಸಿಕ್ಕ ನರ್ಸ್ ತೆಂಕಣ ಸಮುದ್ರದ ಕಡೆಯ ಹುಡುಗಿ, ಕೆಲಸಕ್ಕೆ ಹೊಸಬಳು. ಅವಳು ಕೋಟನ್ನು ಬಿಚ್ಚಲು ಬಗ್ಗಿದವಳು ಸೀನಿದಳು. ಮತ್ತೆ ಬಗ್ಗಿದಳು, ಮತ್ತೆ ಸೀನಿದಳು. ಕೋಟನ್ನು ನನ್ನ ಕೈಗೆ ಎಸೆದು ಕಣ್ಣೊರೆಸಿಕೊಂಡು, "ಎಂದಾ ಚೇಚೀ ಇದಿಲ್, ಕುರುಮುಳಗೋ?" ಎಂದಳು. ಅಕ್ಕಾ, ಇದರಲ್ಲಿ ಏನಿಟ್ಟಿದ್ದೀರಿ, ಕಾಳುಮೆಣಸಾ?

ನಾನು ಕೋಟಿಗೆ ಮೂಗಿಟ್ಟೆ. ನನಗೇನೂ ವಾಸನೆ ಬರಲಿಲ್ಲ. ಯಂತ್ರ ಶುರುವಾಗಿ, ಅವಳ ಉಸಿರಿನ ಸದ್ದು ಕಡಿಮೆಯಾದ ಮೇಲೆ ಬೆಂಚಿನಲ್ಲಿ ಕೂತು ಒಂದು ಸಾಲಿನ ಹೊಲಿಗೆ ಬಿಚ್ಚಿದೆ. ಹತ್ತಿಯನ್ನು ಕೈಯಲ್ಲಿ ಉಜ್ಜಿ ನಾಲಿಗೆಗೆ ಮುಟ್ಟಿಸಿದೆ. ಖಾರ.

ನಮ್ಮ ಕಣದಲ್ಲಿ ವರ್ಷ ವರ್ಷವೂ ಮೆಣಸು ಒಣಗುತ್ತದೆ. ಕಾಲಲ್ಲಿ ತುಳಿದು ಕಾಳು ಬಿಡಿಸುವುದೂ ಅದೇ ಪನಂಬಿನ ಮೇಲೆ. ಬಿದಿರಿನ ಸಂದುಗಳಲ್ಲಿ ಕೂತ ಧೂಳು ಬಡಿದರೆ ಹೋಗುವಂಥದಲ್ಲ. ಬೂರುಗದ ಹತ್ತಿ ಅದನ್ನು ಎಳೆದುಕೊಂಡು ಎಳೆ ಎಳೆಯಲ್ಲಿ ಇಟ್ಟುಕೊಂಡಿತ್ತು. ಮೂರು ಜನ ಅದನ್ನು ಕೊಡವಿದೆವು, ಬಡಿದೆವು, ತುಂಬಿದೆವು, ಒಬ್ಬರಿಗೂ ಒಂದು ಸೀನು ಬರಲಿಲ್ಲ. ಧನುವಿನಿಂದ ಕುಂಭದ ತನಕ ಮೆಣಸನ್ನೇ ಉಸಿರಾಡಿ ಬೆಳೆದ ಮೂಗುಗಳು ನಮ್ಮವು.

ಯಂತ್ರದಿಂದ ಬಿಡಿಸಿಕೊಂಡು ಬಂದ ಅವಳಿಗೆ ಹೇಳಿದೆ. ಮುಖ ಹಿಂಡಿದ ಬಟ್ಟೆಯ ಹಾಗಿತ್ತು.

"ಅಂದ್ರ ನನ್ನ ಮಸಾಲೆ ಹಾಕಿ ಕಟ್ಟಿಟ್ಟಿದ್ರಾ?"

ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಂತ ಮೇಲೆ ಕಣ್ಣೀರು ನಿಲ್ಲಲಿಲ್ಲ. "ಇಸ ಅಂತ ತಿಳ್ಕಂಡು ಸಾಯಾದ್ಕ ಕೂತಿದ್ನಲ್ಲೇ," ಎಂದಳು. ನನಗೂ ಅದೇ ಎದೆಯಲ್ಲಿ ಕೂತಿತ್ತು. ಇನ್ನೊಂದು ಬೆಳಗು ತಡವಾಗಿದ್ದರೆ ಒಂದು ಹಿಡಿ ಮೆಣಸಿನ ಧೂಳಿಗೆ ಅವಳು ಹೋಗುತ್ತಿದ್ದಳು.

ಹತ್ತಿಯನ್ನು ತೊಳೆದರೆ ಉಂಡೆಯಾಗುತ್ತದೆ. ಎಲ್ಲ ತೆಗೆದು ಗೊಬ್ಬರದ ಗುಂಡಿಗೆ ಸುರಿದೆ. ಬಟ್ಟೆಗಳನ್ನು ಕುದಿಸಿ ಒಗೆದೆ. ಮಕರ ಹುಟ್ಟಿತ್ತು, ಬೆಳಗಿನ ಮಂಜು ಮಧ್ಯಾಹ್ನದ ಹತ್ತಿರ ಬಂದರೂ ಕರಗುತ್ತಿರಲಿಲ್ಲ. ಕೋಟು ಖಾಲಿ ಚೀಲದ ಹಾಗೆ ಹಗ್ಗದ ಮೇಲೆ ಜೋತಿತ್ತು. ಮುಂದಿನ ಸರದಿಗೆ ಶಾಲು, ಟವಲು ಸುತ್ತಿ ಕರೆದುಕೊಂಡು ಹೋದೆ, ಅವಳು ಉದ್ದಕ್ಕೂ ನಡುಗಿದಳು. ನಡುಕ ಬಂದ ದಿನಕ್ಕೆ ಮುಗಿಯಿತು ಎಂದಿದ್ದಳು, ನಾನು ಮರೆತಿರಲಿಲ್ಲ.

ಮನೆಯಲ್ಲಿ ಬೆಚ್ಚಗಿನದು ಇನ್ನೊಂದೇ ಇತ್ತು. ದೇವರ ಕೋಣೆಯ ಬಿದಿರ ಗಳದ ಮೇಲೆ ಮಡಿಸಿಟ್ಟ ಕರಿಕಂಬಳಿ. ನಮ್ಮವರು ಹೊಳೆ ದಾಟಿ ಈ ಕಡೆ ಬಂದಾಗ ಹೊತ್ತು ತಂದದ್ದು. ಮೀನ ತಿಂಗಳ ಮನೆದೇವರ ಪೂಜೆಗೆ ಅದನ್ನು ಗದ್ದುಗೆಯಾಗಿ ಹಾಸಿ, ಅದರ ಮೇಲೆ ಅಕ್ಕಿ ಹರಡಿ ಕಲಶ ಇಡುತ್ತೇವೆ. ಮನೆಯ ಹೆಣ್ಣುಮಕ್ಕಳನ್ನು ಅದರ ಮೇಲೆ ಕೂರಿಸಿ ಧಾರೆ ಎರೆಯುತ್ತೇವೆ. ಅದಕ್ಕೆ ಕಬ್ಬಿಣ ತಾಗಿಸಬಾರದು, ಕತ್ತರಿಯಂತೂ ಕೇಳಲೇಬಾರದು. ನಾನು ಅದರ ಕಡೆ ನೋಡಿದ್ದೆ, ಬಾಯಿಬಿಟ್ಟು ಹೇಳಿರಲಿಲ್ಲ. ನಾದಿನಿಯೇ ಎದ್ದುಹೋಗಿ ಅದನ್ನು ಇಳಿಸಿ ತಂದು ಜಗಲಿಯ ಮೇಲೆ ಬಿಡಿಸಿದಳು.

ನನ್ನ ಗಂಡ ಹಟ್ಟಿಯಿಂದ ಬಂದವರು ಅಲ್ಲೇ ನಿಂತುಬಿಟ್ಟರು. "ಏನ್ ಮಾಡ್ತಿದ್ದೀರವ್ವ ನೀವು? ಗದ್ದುಗೆ ಕಂಬ್ಳಿಗ ಕತ್ರಿ ಹಾಕ್ತೀರಾ?"

"ಕತ್ರಿ ಯಾರ ಕೈಲದ ಅಣ್ಣ? ನೋಡು."

ಕಂಬಳಿಯ ನಡುವೆ ಉದ್ದಕ್ಕೆ ಒಂದು ಗೆರೆಯಿತ್ತು. ಇಷ್ಟು ವರ್ಷ ಅದನ್ನು ಹಾಸಿ ಮಡಿಸಿದವಳು ನಾನು, ಗಮನಿಸಿರಲಿಲ್ಲ. ಮಗ್ಗ ಸಣ್ಣದಾದ್ದರಿಂದ ಎರಡು ಪಟ್ಟಿ ನೇಯ್ದು ಉಣ್ಣೆಯ ದಾರದಿಂದ ಕೂಡಿಸಿದ್ದರು.

"ದಾರ ಬಿಚ್ಚಿದ್ರ ಎರಡು ಪಟ್ಟಿ ಆಯ್ತದ. ಒಂದು ಈ ಹೆಗಲ ಮ್ಯಾಲ, ಒಂದು ಆ ಹೆಗಲ ಮ್ಯಾಲ. ಬೆನ್ನಲ್ಲಿ ಕೂಡಿಸೋದು, ಮುಂದ ಬಿಡೋದು. ಉಳ್ದಿದ್ದು ಕೆಳ್ಗ ಮಡ್ಚೋದು. ಒಂದು ಎಳೇನೂ ಕತ್ರಿಸಾಕಿಲ್ಲ."

"ಮೀನದಲ್ಲಿ ಪೂಜೆ ಬಂದ್ರ?"

"ಆಗ ಕೂಡ್ಸಿ ಕೊಡ್ತಾಳ ನಿನ್ನೆಂಡ್ತಿ. ನಾನಿದ್ರ ಯೋಳ್ಕೊಡ್ತೀನಿ." ಕಂಬಳಿಯನ್ನು ಅಂಗೈಯಲ್ಲಿ ಸವರಿದಳು. "ಇದ್ರ ಮ್ಯಾಲ ಕೂರ್ಸಿ ನನ್ನ ಕಳ್ಸಿದ್ರಿ. ಅವತ್ತು ಏನೂ ಬೆಚ್ಚಗಾಗ್ಲಿಲ್ಲ. ಇವತ್ತಾದ್ರೂ ಆಗ್ಲಿ ಬುಡು."

ಅವರು ತಲೆ ತಗ್ಗಿಸಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬಂದು ಒಂದು ಮುಳ್ಳುಹಂದಿಯ ಮುಳ್ಳನ್ನು ನನ್ನ ಕೈಗೆ ಕೊಟ್ಟು ಹೋದರು. ಹೊಲಿಗೆ ಬಿಚ್ಚಲು ಕಬ್ಬಿಣ ಬೇಡ ಎಂದು. ಅದರ ತುದಿಯಿಂದ ಒಂದೊಂದೇ ದಾರ ಎಬ್ಬಿಸಿ ಬಿಚ್ಚಿದೆ. ಕಂಬಳಿಯ ಪಟ್ಟಿಗಳನ್ನು ಬಟ್ಟೆಗಳ ನಡುವೆ ಇಟ್ಟು, ಸೂಜಿ ಅದರೊಳಗೆ ಹೋಗದ ಹಾಗೆ ಸುತ್ತಲೂ ಚೀಲದಂತೆ ಮುಚ್ಚಿದೆ. ಬೆನ್ನಿನಲ್ಲಿ ಪಟ್ಟಿಗಳನ್ನು ಸೇರಿಸುವಲ್ಲಿ ಮಾತ್ರ ಆ ಮುಳ್ಳಿನಿಂದಲೇ ತೂತು ಮಾಡಿ ಅದೇ ಉಣ್ಣೆಯ ದಾರ ಏರಿಸಿದೆ.

ಕೋಟು ಭಾರವಾಯಿತು. ಹಾಕಿಕೊಂಡರೆ ಹೆಗಲ ಮೇಲೆ ಯಾರೋ ಕೂತ ಹಾಗೆ ಅನಿಸುತ್ತದೆ ಎನ್ನುತ್ತಿದ್ದಳು. ಆದರೆ ನಡುಗಲಿಲ್ಲ. ಫ್ಲಾನೆಲ್ ಅಡ್ಡ ಇದ್ದುದರಿಂದ ಉಣ್ಣೆ ಚುಚ್ಚಲಿಲ್ಲ. ಮಕರ ಪೂರ್ತಿ, ಕುಂಭ ಪೂರ್ತಿ ಬಂದಳು. ಒಂದು ಸರದಿಯೂ ತಪ್ಪಲಿಲ್ಲ. ಹಾಗೆಂದು ಅವಳು ಸುಧಾರಿಸಿದಳು ಎಂದು ಬರೆಯಲಾರೆ. ಮಕರದ ಕೊನೆಗೆ ಕೋಟಿನ ಹೆಗಲು ಜಾರತೊಡಗಿತ್ತು, ಸೀಮೆಸುಣ್ಣದ ಗುರುತು ಹಾಕಿ ಒಳಗೆ ಹಿಡಿದು ಹೊಲಿದೆ. ಸಂಜೆ ಬಸ್ಸಿಳಿದರೆ ಮೂರು ಕಡೆ ಕೂತು ಮನೆ ಸೇರುವಳು. ಬಿಸಿಲು ಬಲಿತ ಮೇಲೂ ಅವಳ ಮೈಮೇಲೆ ಕೋಟಿರುತ್ತಿತ್ತು. ಬಸ್ಸಿನಲ್ಲಿ ಎಲ್ಲರೂ ಸೆರಗಲ್ಲಿ ಗಾಳಿ ಹಾಕಿಕೊಳ್ಳುವಾಗ ಅವಳೊಬ್ಬಳು ಕೊರಳ ತನಕ ಲಾಡಿ ಕಟ್ಟಿಕೊಂಡು ಕೂತಿರುತ್ತಿದ್ದಳು. ಯಾರೋ, "ಚೇಚಿ ಊಟಿಗಾ?" ಎಂದು ಕೇಳಿದರು. "ಹೂಂ, ಬತ್ತೀಯಾ? ವಾಪಸು ಬಸ್ಸಿಲ್ಲ," ಎಂದಳು.

ಮೀನದಲ್ಲಿ ಪೂಜೆ ಬಂತು. ಮಾರನೆಯ ದಿನ ಬತ್ತೇರಿಯ ಸರದಿ. ಹಿಂದಿನ ದಿನವೇ ಕೋಟು ಬಿಚ್ಚಿ, ಪಟ್ಟಿಗಳನ್ನು ತೆಗೆದು ಹಳೆಯ ಹಾಗೆ ಕೂಡಿಸಿದೆ. ಗದ್ದುಗೆ ಹಾಸಿದರು. ನಡುವೆ ಹೆಗಲಿನ ಮಡಿಕೆ ಅಡ್ಡಕ್ಕೆ ಎದ್ದು ಕಾಣುತ್ತಿತ್ತು, ಕೊರಳಿನ ಜಾಗ ಸ್ವಲ್ಪ ಹೊಳೆಯುತ್ತಿತ್ತು. ನನ್ನ ಗಂಡ ಅದನ್ನು ನೋಡಿ ಅದರ ಮೇಲೆಯೇ ಅಕ್ಕಿ ಹರಡಿದರು. ನಾದಿನಿ ಕಂಬಳಿಯಿಲ್ಲದ ಕೋಟಿನಲ್ಲಿ, ಬರೀ ಆನೆಗಳನ್ನು ಸುತ್ತಿಕೊಂಡು, ಕಂಬಕ್ಕೆ ಒರಗಿ ಕೂತಿದ್ದಳು. ಹೊರಗೆ ಕಣದ ನೆಲ ಕಾದು ಕಾಲಿಡಲು ಆಗುತ್ತಿರಲಿಲ್ಲ. ಅವಳ ಗಲ್ಲ ಅದುರುತ್ತಿತ್ತು.

ಮಧ್ಯಾಹ್ನ ಕಲಶ ಎತ್ತಿದ ಮೇಲೆ ನಾನು ಕಂಬಳಿ ಕೊಡವಿ ಜಗಲಿಗೆ ತಂದೆ.

"ಗಳಕ್ಕ ಹಾಕ್ಬುಡು ಅತ್ತಿಗೆ," ಎಂದಳು. "ಇನ್ನು ಬ್ಯಾಡ. ಮಕರ ದಾಟೋಗಂಟ ಅಂದಿದ್ದೆ. ದಾಟಾಯ್ತಲ್ಲ. ನಿನ್ನ ಮಾತು ನೀನು ನಡಿಸ್ದೆ, ನನ್ನ ಮಾತು ನಾನು ನಡಿಸ್ದೆ."

ಬೇಡಿಕೊಂಡು ಒಪ್ಪಿಸುವುದು ಅವಳ ಅಣ್ಣನಿಂದ ಆಗಿರಲಿಲ್ಲ, ನನ್ನಿಂದಲೂ ಆಗುವುದಿಲ್ಲ. ಮುಳ್ಳು ತೆಗೆದುಕೊಂಡು ನಡುವಿನ ದಾರ ಬಿಚ್ಚತೊಡಗಿದೆ. ಪಟ್ಟಿಗಳನ್ನು ಬೇರೆ ಮಾಡಿದೆ. ಅವಳ ಮೈಯಿಂದ ಕೋಟು ಬಿಡಿಸಿ, ನನ್ನ ಸೀರೆಯ ಸೆರಗು ಹೊದಿಸಿ, ಒಂದು ಪಟ್ಟಿಯನ್ನು ಒಳಗಿಟ್ಟು ಹೊಲಿದೆ. ಅವಳು ನೋಡುತ್ತಿದ್ದಳು. ಇನ್ನೊಂದನ್ನು ಇಟ್ಟೆ. ಹೆಗಲ ಹತ್ತಿರ ನನ್ನ ಹೊಲಿಗೆ ಸೊಟ್ಟಗಾಯಿತು.

"ಬಿಚ್ಚು ಅದ," ಎಂದಳು.

ನಾನು ಮುಂದಿನ ಹೊಲಿಗೆ ಹಾಕಿದೆ.

"ಬಿಚ್ಚು ಅಂದೆ. ಅಂಗೇ ಹೊಲೀಬ್ಯಾಡ. ಹೋದ ಸಲ ಅಲ್ಲೇ ಜಾರ್ತಿತ್ತು. ಇನ್ನೊಂದು ಬೆರ್ಳು ಒಳಕ್ಕ ತಕ್ಕ."

ಬಿಚ್ಚಿದೆ. ಸೀಮೆಸುಣ್ಣ ಹಿಡಿದು ಗುರುತು ಹಾಕಿದೆ. ಹಳೆಯ ಗುರುತು ಇನ್ನೂ ಅಳಿಸಿರಲಿಲ್ಲ. ಅದರ ಒಳಗೆ ಇದು ಬಂತು.